ನಿಪ್ಪಾಣಿಯ ಒಂದು ಫೋನಿನಲ್ಲಿ ಮಾತ್ರ ಆ್ಯಪ್ ಮುಚ್ಚಿಕೊಳ್ಳುತ್ತದೆ, ಲಾಗ್ ಎಲ್ಲಿಂದ ಓದಲಿ?

ಪ್ರಶ್ನೆ: ಬಿಸಿಎ ಮುಗಿಸಿ ಚಿಕ್ಕೋಡಿಯಲ್ಲಿದ್ದೇನೆ. ಹಾಲಿನ ಡೇರಿಗಳಿಗೆ ಕೋಟ್ಲಿನ್‌ನಲ್ಲಿ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ರೈತರ ನಂಬರ್, ಲೀಟರ್, ಫ್ಯಾಟ್ ಹಾಕಿದರೆ ರೇಟು ಲೆಕ್ಕ ಮಾಡಿ ಸ್ಲಿಪ್ ಕೊಡುತ್ತದೆ. ಆರು ಡೇರಿಗಳಲ್ಲಿ ಚೆನ್ನಾಗಿ ನಡೆಯುತ್ತಿದೆ. ನಿಪ್ಪಾಣಿ ಕಡೆಯ ಒಂದು ಡೇರಿಯಲ್ಲಿ ಮಾತ್ರ ಸೇವ್ ಒತ್ತಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಮೂರು ಸಲ ಕೋಡ್ ಬದಲಿಸಿ ಕಳಿಸಿದೆ, ಏನೂ ಆಗಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಲಾಗ್‌ಕ್ಯಾಟ್, ಅಂದರೆ ಫೋನ್ ತನ್ನೊಳಗೆ ಬರೆದಿಡುವ ಲಾಗ್, ತೆಗೆದೆ. ಹನ್ನೊಂದು ಸಾವಿರ ಸಾಲು ಬಂದವು. ತುಂಬ ಕಡೆ ಕೆಂಪು ಸಾಲು, ಒಂದು ಕಡೆ ಬರೀ ಚೌಕ ಚೌಕ. ಎಲ್ಲಿಂದ ಓದಬೇಕೋ ತಿಳಿಯಲಿಲ್ಲ. ಫೈಲ್ ಜೊತೆಗಿಟ್ಟಿದ್ದೇನೆ. ಇನ್ನೊಂದು ಡೇರಿಯಲ್ಲಿ ಆ್ಯಪ್ ಬೀಳುವುದಿಲ್ಲ, ಆದರೆ ಕಾಲ್ ಬಂದು ಮುಗಿಸಿ ವಾಪಸ್ ಬಂದರೆ ತುಂಬಿದ್ದೆಲ್ಲ ಮಾಯವಾಗಿರುತ್ತದೆ. ಅಲ್ಲಿನ ಲಾಗ್‌ನಲ್ಲಿ ಕೆಂಪು ಸಾಲೇ ಇಲ್ಲ. ಅದನ್ನೂ ಕಳಿಸಿದ್ದೇನೆ. ನನ್ನ ಆ್ಯಪ್‌ನೊಳಗೇ ಲಾಗ್ ಇಡಬೇಕಾ? ಇಟ್ಟರೆ ಏನು ಬರೆಯಬೇಕು?

ಉತ್ತರ: ನಿಪ್ಪಾಣಿ ಡೇರಿಯ ತೊಂದರೆಗೆ ಕಾರಣ ನೀವು ಕಳಿಸಿದ ಫೈಲಿನಲ್ಲೇ ಇದೆ. ಆ ಫೋನಿನ ಭಾಷೆ ಮರಾಠಿ. ನಿಮ್ಮ ಕೋಡ್ ಫ್ಯಾಟಿನ ಅಂಕಿಯನ್ನು ಒಮ್ಮೆ ಪಠ್ಯ ಮಾಡಿ, ಆಮೇಲೆ ಅದನ್ನೇ ಮತ್ತೆ ಸಂಖ್ಯೆ ಮಾಡುತ್ತಿದೆ. ಮರಾಠಿ ಫೋನಿನಲ್ಲಿ ಆ ಪಠ್ಯ ದೇವನಾಗರಿ ಅಂಕಿಯಲ್ಲಿ ಬರುತ್ತದೆ. ಅದನ್ನು ಸಂಖ್ಯೆ ಮಾಡಲು ಹೋದಾಗ ಆ್ಯಪ್ ಬೀಳುತ್ತದೆ. ಎರಡನೇ ಡೇರಿಯದ್ದು ಬೇರೆಯೇ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ನಿಮ್ಮ ಕೋಡ್ ನೋಡಿಲ್ಲ, ಆ ಡೇರಿಗೂ ಹೋಗಿಲ್ಲ. ಆದರೂ ಇಷ್ಟು ಹೇಳಲು ಹೇಗೆ ಸಾಧ್ಯವಾಯಿತು ಎಂದು ಬಿಡಿಸಿ ಹೇಳುತ್ತೇನೆ. ಮುಂದಿನ ಸಲ ಈ ಕೆಲಸ ನೀವೇ ಮಾಡಬೇಕಲ್ವಾ? ಮೂರು ಸಲ ಕೋಡ್ ಬದಲಿಸಿ ಕಳಿಸಿದೆ ಎಂದು ಬರೆದಿದ್ದೀರಿ. ಅದನ್ನು ಓದಿ ಬೇಜಾರಾಯಿತು. ಅಷ್ಟೂ ದಿನ ಆ ಡೇರಿಯವರು ಬೆಳಗಿನ ಜಾವ ಕ್ಯಾನು ಹಿಡಿದು ನಿಂತ ರೈತರಿಗೆ ಕೈಯಲ್ಲಿ ಚೀಟಿ ಬರೆದು ಕೊಟ್ಟಿರುತ್ತಾರೆ. ಲಾಗ್ ಓದುವ ಮೊದಲು ಕೋಡ್ ಮುಟ್ಟಬೇಡಿ. ನಾನು ಹೇಳುವುದರಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ. ಎಡಿಬಿ ಎಂದು ಶುರುವಾಗುವವು ಲ್ಯಾಪ್‌ಟಾಪಿನಿಂದ ಫೋನಿಗೆ ಕೊಡುವ ಕಮಾಂಡ್‌ಗಳು.

ಮೊದಲು ಒಂದು ಸಾಲಿನ ಅಂಗಾಂಗ ತಿಳಿದುಕೊಳ್ಳಿ. ಎಡದಿಂದ ಬಲಕ್ಕೆ ದಿನಾಂಕ, ಸಮಯ, ಪಿಐಡಿ, ಟಿಐಡಿ, ಒಂದು ಅಕ್ಷರ, ಟ್ಯಾಗ್, ಕೊನೆಗೆ ಸಂದೇಶ. ಟ್ಯಾಗ್ ಎಂದರೆ ಸಾಲು ಬರೆದ ಭಾಗದ ಹೆಸರು. ಪಿಐಡಿ ಎಂದರೆ ಆ ಸಾಲು ಬರೆದ ಪ್ರೋಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಮಿನ, ನಂಬರ್. ಟಿಐಡಿ ಅದರೊಳಗಿನ ಥ್ರೆಡ್‌ನದು. ಒಂಟಿ ಅಕ್ಷರ ಆ ಸಾಲು ಎಷ್ಟು ಗಂಭೀರ ಎಂದು ಹೇಳುತ್ತದೆ. ವಿ, ಡಿ, ಐ, ಡಬ್ಲ್ಯು, ಇ, ಎಫ್ ಎಂದು ಏರುತ್ತಾ ಹೋಗುತ್ತದೆ. ವರ್ಬೋಸ್‌ನಿಂದ ಶುರುವಾಗಿ ಫೇಟಲ್‌ವರೆಗೆ.

ಕೆಂಪು ಸಾಲು ಕಂಡ ತಕ್ಷಣ ಗಾಬರಿಯಾಗಬೇಡಿ. ಏನೂ ತೊಂದರೆ ಇಲ್ಲದ ಫೋನಿನಲ್ಲೂ ನಿಮಿಷಕ್ಕೆ ಹತ್ತಾರು ಇ ಸಾಲು ಬರುತ್ತವೆ. ಕ್ಯಾಮೆರಾ ಸರ್ವೀಸ್, ಆಡಿಯೋ, ಸಿಮ್, ಫೋನ್ ಕಂಪನಿಯವರ ಸ್ವಂತ ಸೇವೆಗಳು ಎಲ್ಲವೂ ತಮ್ಮ ತಮ್ಮ ದೂರು ಬರೆಯುತ್ತಲೇ ಇರುತ್ತವೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಇಂಥದೇ ಒಂದು ಆಡಿಯೋ ಸಾಲಿನ ಹಿಂದೆ ಎರಡು ದಿನ ಓಡಿದ್ದೆ. ನನ್ನ ಆ್ಯಪ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಆ್ಯಪ್ ಸರಿಯಾಗಿ ನಡೆಯುವ ಫೋನಿನಲ್ಲಿ ಅದೇ ಕೆಲಸ ಮಾಡಿ ಒಂದು ಲಾಗ್ ತೆಗೆದಿಡುತ್ತೇನೆ. ಕೆಟ್ಟ ಫೋನಿನ ಲಾಗ್‌ನಲ್ಲಿರುವ ಕೆಂಪು ಸಾಲು ಚೆನ್ನಾಗಿರುವ ಫೋನಿನಲ್ಲೂ ಇದ್ದರೆ ಅದನ್ನು ಪಕ್ಕಕ್ಕೆ ಸರಿಸುತ್ತೇನೆ. ನಿಮ್ಮ ಬಳಿ ಚೆನ್ನಾಗಿ ನಡೆಯುವ ಆರು ಡೇರಿಗಳಿವೆ, ಒಂದರಿಂದ ಇಂಥ ಲಾಗ್ ತಂದಿಟ್ಟುಕೊಳ್ಳಿ.

ಈಗ ನಿಮ್ಮ ಫೈಲ್. ನಾನು ಮೊದಲು ಹುಡುಕಿದ್ದು ಎರಡೇ ಪದ, ಫೇಟಲ್ ಎಕ್ಸೆಪ್ಶನ್. ಜಾವಾ ಅಥವಾ ಕೋಟ್ಲಿನ್ ಆ್ಯಪ್ ಬಿದ್ದರೆ ಆಂಡ್ರಾಯ್ಡ್‌ರನ್‌ಟೈಮ್ ಎಂಬ ಟ್ಯಾಗಿನಲ್ಲಿ ಈ ಸಾಲು ಬರುತ್ತದೆ. ನಿಮ್ಮದರಲ್ಲಿ ಅದು 18:42:07.311ಕ್ಕೆ ಇದೆ. ಅದರ ಕೆಳಗೆ ಪ್ರೋಸೆಸ್ ಹೆಸರು, ಪಿಐಡಿ. ಅದರ ಕೆಳಗೆ ತಪ್ಪಿನ ಜಾತಿ, ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್. ಅದೇ ಸಾಲಿನಲ್ಲಿ 'ಫಾರ್ ಇನ್‌ಪುಟ್ ಸ್ಟ್ರಿಂಗ್' ಎಂದು ಬರೆದು ಉದ್ಧರಣ ಚಿಹ್ನೆಯೊಳಗೆ ಏನೋ ಇದೆ. ನಿಮಗೆ ಚೌಕ ಚೌಕ ಕಂಡದ್ದು ಇಲ್ಲೇ. ವಿಂಡೋಸ್‌ನ ಕಪ್ಪು ಕಿಟಕಿಗೆ ದೇವನಾಗರಿ ತೋರಿಸಲು ಬರದೆ ಹಾಗಾಗಿದೆ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ನನಗೆ ಸ್ಪಷ್ಟವಾಗಿ ಕಂಡಿತು: ದೇವನಾಗರಿ ನಾಲ್ಕು, ಚುಕ್ಕಿ, ದೇವನಾಗರಿ ಎರಡು. ಇಡೀ ಹನ್ನೊಂದು ಸಾವಿರ ಸಾಲುಗಳಲ್ಲಿ ಅತಿ ಮುಖ್ಯವಾದ ಮೂರು ಅಕ್ಷರ ಅವೇ. ನೀವು ಅಕ್ಷರ ಕೆಟ್ಟಿದೆ ಎಂದುಕೊಂಡು ದಾಟಿ ಹೋದಿರಿ. ಒಂದು ಮಾತು ನೆನಪಿಡಿ. ಲಾಗನ್ನು ಫೈಲಿಗೆ ಉಳಿಸುವಾಗ ಹಳೆಯ ಕಮಾಂಡ್ ಪ್ರಾಂಪ್ಟ್‌ನಿಂದಲೇ ಉಳಿಸಿ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತಿನಿಂದ ಫೈಲಿಗೆ ಕಳಿಸಿದರೆ ಭಾರತೀಯ ಭಾಷೆಯ ಅಕ್ಷರಗಳು ನಿಜಕ್ಕೂ ಕೆಟ್ಟುಹೋಗುತ್ತವೆ. ಆಗ ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಪ್ರಯೋಜನವಿಲ್ಲ.

ಇದರ ಕೆಳಗಿನ ಸಾಲುಗಳು ಸ್ಟ್ಯಾಕ್ ಟ್ರೇಸ್. ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ. ಮೇಲಿನದು ಕೊನೆಯದಾಗಿ ನಡೆದದ್ದು. ಮೇಲಿನ ಎರಡು ಮೂರು ಸಾಲು ಜಾವಾದವರ ಸ್ವಂತ ಕೋಡ್. ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಕೆಳಗೆ ಇಳಿಯುತ್ತಾ ನಿಮ್ಮ ಪ್ಯಾಕೇಜಿನ ಹೆಸರು ಮೊದಲು ಕಾಣುವ ಸಾಲಿನಲ್ಲಿ ನಿಲ್ಲಿ. ನಿಮ್ಮದರಲ್ಲಿ ಅದು ಎಂಟ್ರಿ ಪರದೆಯ ಫೈಲ್, 148ನೇ ಸಾಲು. ಕೆಲವು ಸಲ ಟ್ರೇಸಿನ ನಡುವೆ 'ಕಾಸ್ಡ್ ಬೈ' ಎಂದು ಬರುತ್ತದೆ. ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯ ಕಾಸ್ಡ್ ಬೈ ಮೂಲ ಕಾರಣ. ಹೊಸಬರು ಮೇಲಿನ ಮೊದಲ ಸಾಲನ್ನಷ್ಟೇ ಓದಿ ಗೂಗಲ್‌ನಲ್ಲಿ ಹುಡುಕುತ್ತಾರೆ, ಮೂಲ ಕಾರಣ ಕೆಳಗೆ ಹಾಗೇ ಉಳಿದುಬಿಡುತ್ತದೆ.

ಇಷ್ಟಾದ ಮೇಲೂ ಒಂದು ಅನುಮಾನ ಉಳಿಯಿತು. ಡೇರಿಯವರು ಮರಾಠಿ ಕೀಬೋರ್ಡಿನಿಂದ ದೇವನಾಗರಿ ಅಂಕಿ ಟೈಪ್ ಮಾಡಿರಬಹುದಲ್ವಾ? ಇದಕ್ಕೆ ಉತ್ತರ ಕೊಟ್ಟದ್ದು ನೀವೇ ಬರೆದಿಟ್ಟ ಒಂದು ಡಿಬಗ್ ಸಾಲು. 18:42:07.274ಕ್ಕೆ ನಿಮ್ಮ ಟ್ಯಾಗಿನಲ್ಲಿ 'ಫ್ಯಾಟ್ ಇನ್‌ಪುಟ್ 4.2' ಎಂದಿದೆ, ಮಾಮೂಲಿ ಅಂಕಿಯಲ್ಲಿ. ಅಂದರೆ ಡೇರಿಯವರು ಸರಿಯಾಗಿಯೇ ಟೈಪ್ ಮಾಡಿದ್ದಾರೆ. ಒಳಗೆ ಬಂದದ್ದು 4.2. ಮೂವತ್ತೇಳು ಮಿಲಿಸೆಕೆಂಡ್ ಆದ ಮೇಲೆ ಮುರಿದದ್ದು ದೇವನಾಗರಿಯದು. ಈ ಎರಡರ ನಡುವೆ ಅಂಕಿ ಬದಲಿಸಿದ್ದು ನಿಮ್ಮ ಕೋಡೇ. ನಿಮ್ಮ ಆ ಒಂದು ಸಾಲು ಇಲ್ಲದಿದ್ದರೆ ನಾನು ಕೀಬೋರ್ಡನ್ನೇ ಹಿಡಿದುಕೊಂಡು ಕೂರುತ್ತಿದ್ದೆ. ಅದನ್ನು ಬರೆದಿಟ್ಟದ್ದಕ್ಕೆ ನಿಮಗೆ ಶಹಬ್ಬಾಸ್.

ಭಾಷೆ ಮರಾಠಿಯೇ ಎಂದು ಖಚಿತ ಮಾಡಿಕೊಂಡದ್ದು ಸಿಸ್ಟಮ್ ಬರೆದ ಒಂದು ಕಾನ್ಫಿಗರೇಶನ್ ಸಾಲಿನಿಂದ. ಅದರಲ್ಲಿ 404 ಎಂಸಿಸಿ ಎಂದು ಭಾರತದ ಮೊಬೈಲ್ ಸಂಕೇತ ಇದೆ. ಪಕ್ಕದಲ್ಲಿ ಚೌಕ ಆವರಣದೊಳಗೆ ಎಂಆರ್ ಅಂಡರ್‌ಸ್ಕೋರ್ ಐಎನ್ ಇದೆ. ಎಂಆರ್ ಅಂದರೆ ಮರಾಠಿ. ಕನ್ನಡದ ಫೋನಾಗಿದ್ದರೆ ಕೆಎನ್ ಇರುತ್ತಿತ್ತು.

ಆ್ಯಪ್ ಪೂರ್ತಿ ಕನ್ನಡದಲ್ಲಿದೆ, ಫೋನಿನ ಭಾಷೆ ಏನಾದರೇನು ಎಂದು ನಿಮಗೆ ಅನಿಸಬಹುದು. ಪರದೆಯ ಮೇಲಿನ ಪದಗಳನ್ನು ನೀವೇ ಬರೆದಿದ್ದೀರಿ, ಅವು ಬದಲಾಗುವುದಿಲ್ಲ. ಆದರೆ ಕೋಟ್ಲಿನ್‌ನ ಫಾರ್ಮ್ಯಾಟ್ ಫಂಕ್ಷನ್‌ಗೆ ಯಾವ ಭಾಷೆ ಎಂದು ಹೇಳದಿದ್ದರೆ ಅದು ಫೋನಿನ ಭಾಷೆಯನ್ನೇ ತೆಗೆದುಕೊಳ್ಳುತ್ತದೆ. ಯಾವ ಭಾಷೆಗೆ ಯಾವ ಅಂಕಿ ಎಂಬುದು ಯೂನಿಕೋಡ್‌ನವರ ಸಿಎಲ್‌ಡಿಆರ್ ಎಂಬ ದತ್ತಾಂಶದಿಂದ ಬರುತ್ತದೆ. ಅದರಲ್ಲಿ ಮರಾಠಿಗೂ ನೇಪಾಳಿಗೂ ದೇವನಾಗರಿ ಅಂಕಿ, ಬಂಗಾಳಿಗೆ ಬಂಗಾಳಿ ಅಂಕಿ. ಕನ್ನಡಕ್ಕೂ ಹಿಂದಿಗೂ ಮಾಮೂಲಿ 0ಯಿಂದ 9. ಹಾಗಾಗಿ ಕನ್ನಡದ ಆರು ಡೇರಿಗಳಲ್ಲಿ ಏನೂ ಆಗಲಿಲ್ಲ. ಹಿಂದಿ ಫೋನಿನಲ್ಲಿ ಪರೀಕ್ಷೆ ಮಾಡಿದ್ದರೂ ಸಿಕ್ಕಿಬೀಳುತ್ತಿರಲಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಪಠ್ಯವನ್ನು ಪೂರ್ಣ ಸಂಖ್ಯೆ ಮಾಡುವ ಟುಇಂಟ್ ಯಾವ ಲಿಪಿಯ ಅಂಕಿಯನ್ನಾದರೂ ಒಪ್ಪಿಕೊಳ್ಳುತ್ತದೆ. ದಶಾಂಶ ಸಂಖ್ಯೆ ಮಾಡುವ ಟುಡಬಲ್ ಒಪ್ಪುವುದಿಲ್ಲ. ಅದಕ್ಕೇ ರೈತರ ನಂಬರ್ ಬಚಾವಾಯಿತು, ಫ್ಯಾಟ್ ಬಿತ್ತು. ಫ್ಯಾಟನ್ನು ಒಂದು ದಶಾಂಶಕ್ಕೆ ತರಲು ಮೊದಲು ಫಾರ್ಮ್ಯಾಟ್, ಆಮೇಲೆ ಟುಡಬಲ್ ಎಂದು ನಿಮ್ಮ 148ನೇ ಸಾಲಿನಲ್ಲಿ ಬರೆದಿರಬೇಕು. ತೆರೆದು ನೋಡಿ. ಲೆಕ್ಕಕ್ಕೆ ಬಳಸುವ ಅಂಕಿಯನ್ನು ಪಠ್ಯದ ದಾರಿಯಲ್ಲಿ ತಿರುಗಿಸಬೇಡಿ. ಬಿಗ್‌ಡೆಸಿಮಲ್ ಬಳಸಿ ಸುತ್ತಿಸಿ. ಡೇಟಾಬೇಸ್‌ಗೆ, ಸರ್ವರ್‌ಗೆ ಪಠ್ಯವಾಗಿಯೇ ಕಳಿಸಬೇಕಾದಲ್ಲಿ ಲೊಕೇಲ್ ರೂಟ್ (ಯಾವ ಭಾಷೆಗೂ ಸೇರದ್ದು) ಎಂದು ಬಾಯಿಬಿಟ್ಟು ಹೇಳಿ. ಸ್ಲಿಪ್ಪಿನಲ್ಲಿ ಅಚ್ಚಾಗುವ ಅಂಕಿ ಮಾತ್ರ ಫೋನಿನ ಭಾಷೆಯಲ್ಲಿರಲಿ, ಆ ಊರಿನವರಿಗೆ ಅದೇ ಓದಲು ಹಿತ.

ಕೋಡ್ ಬದಲಿಸುವ ಮೊದಲು ನಿಮ್ಮ ಫೋನಿನ ಭಾಷೆಯನ್ನು ಮರಾಠಿ ಮಾಡಿ, ಸೇವ್ ಒತ್ತಿ. ಆ್ಯಪ್ ಬೀಳಬೇಕು. ಬೀಳದಿದ್ದರೆ ನಾನು ಹೇಳಿದ್ದು ತಪ್ಪು ಎಂದರ್ಥ, ಆಗ ಏನೂ ಬದಲಿಸಬೇಡಿ. ಬಿದ್ದರೆ ಕೋಡ್ ಸರಿಮಾಡಿ ಮತ್ತೆ ಅದೇ ಮರಾಠಿಯಲ್ಲಿ ಒತ್ತಿ. ದಯವಿಟ್ಟು ಡೇರಿಯವರಿಗೆ 'ಫೋನಿನ ಭಾಷೆ ಕನ್ನಡ ಮಾಡ್ಕೊಳ್ಳಿ' ಎಂದು ಮಾತ್ರ ಹೇಳಬೇಡಿ. ಅದು ಅವರ ಫೋನು, ಅವರ ಮನೆಮಾತು.

ಇನ್ನು ಎರಡನೇ ಡೇರಿ. ನೀವು ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ನಿಮ್ಮ ಆ್ಯಪ್‌ನ ಸಾಲುಗಳನ್ನಷ್ಟೇ ತೋರಿಸುವ ಫಿಲ್ಟರ್ ಹಾಕಿಕೊಂಡು ನೋಡಿರಬೇಕು. ಎಲ್ಲರೂ ಹಾಗೇ ಮಾಡುತ್ತಾರೆ, ಓದಲು ಹಗುರ. ಆದರೆ ಸತ್ತವನು ತನ್ನ ಸಾವಿನ ಸುದ್ದಿ ತಾನೇ ಬರೆಯಲಾರ. ಆ್ಯಪ್ ಬೇರೆಯವರ ಕೈಯಲ್ಲಿ ಸತ್ತಾಗ ಆ ಸಾಲನ್ನು ಬರೆಯುವುದು ಸಿಸ್ಟಮ್. ಅದು ಬೇರೆ ಪಿಐಡಿ, ನಿಮ್ಮ ಫಿಲ್ಟರ್ ಅದನ್ನು ಮರೆಮಾಡುತ್ತದೆ. ಪುಣ್ಯಕ್ಕೆ ನೀವು ಕಳಿಸಿದ್ದು ಪೂರ್ತಿ ಫೈಲ್.

ಅದರಲ್ಲಿ ಕಾಲ್ ಬರುವ ಮೊದಲು ನಿಮ್ಮ ಆ್ಯಪ್‌ನ ಪಿಐಡಿ 9120. ಕಾಲ್ ಮುಗಿದ ಮೇಲೆ 10455. ನಂಬರ್ ಬದಲಾಗಿದೆ ಎಂದರೆ ನಡುವೆ ಆ್ಯಪ್ ಸತ್ತು ಮತ್ತೆ ಹುಟ್ಟಿದೆ. ಇದೊಂದು ಗುರುತು ಸಿಕ್ಕರೆ ಸಾಕು, ಅರ್ಧ ಕೆಲಸ ಮುಗಿದಂತೆ. ನಡುವೆ ಹುಡುಕಿದರೆ ಲೋಮೆಮೊರಿಕಿಲ್ಲರ್ ಎಂಬ ಟ್ಯಾಗಿನಲ್ಲಿ ಎಲ್‌ಎಂಕೆಡಿ ಬರೆದ ಕಿಲ್ ಎಂಬ ಸಾಲು, ಅದರ ಪಕ್ಕದಲ್ಲೇ ಆ್ಯಕ್ಟಿವಿಟಿ ಮ್ಯಾನೇಜರ್ ಬರೆದ 'ಹ್ಯಾಸ್ ಡೈಡ್' ಎಂಬ ಸಾಲು. ಎಲ್‌ಎಂಕೆಡಿ ಅಂದರೆ ಮೆಮೊರಿ ಕಡಿಮೆಯಾದಾಗ ಹಿಂದೆ ಕುಳಿತ ಆ್ಯಪ್‌ಗಳನ್ನು ಕೊಲ್ಲುವ ಸೇವೆ. ಅದರ ದೃಷ್ಟಿಯಲ್ಲಿ ಇದು ತಪ್ಪೇ ಅಲ್ಲ, ದಿನನಿತ್ಯದ ಕೆಲಸ. ಅದಕ್ಕೇ ಕೆಂಪು ಇಲ್ಲ. ಕಡಿಮೆ ರ‍್ಯಾಮ್ ಇರುವ ಫೋನಿನಲ್ಲಿ ಕಾಲ್ ಬಂದು ನಿಮ್ಮ ಆ್ಯಪ್ ಹಿಂದೆ ಸರಿದರೆ ಹೀಗಾಗುವುದು ಮಾಮೂಲು.

ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದಾದ ಫೋನಾಗಿದ್ದರೆ ಇದಕ್ಕಿಂತ ಸುಲಭದ ದಾರಿ ಇದೆ. ಪ್ರತಿ ಆ್ಯಪ್ ಹಿಂದಿನ ಸಲಗಳಲ್ಲಿ ಯಾಕೆ ಸತ್ತಿತು ಎಂದು ಸಿಸ್ಟಮ್ ನೆನಪಿಟ್ಟುಕೊಂಡಿರುತ್ತದೆ. 'ಎಡಿಬಿ ಶೆಲ್ ಡಂಪ್‌ಸಿಸ್ ಆ್ಯಕ್ಟಿವಿಟಿ ಎಕ್ಸಿಟ್-ಇನ್ಫೋ', ಮುಂದೆ ನಿಮ್ಮ ಪ್ಯಾಕೇಜ್ ಹೆಸರು. ಕ್ರ್ಯಾಶ್, ಎಎನ್‌ಆರ್ (ಆ್ಯಪ್ ಪ್ರತಿಕ್ರಿಯಿಸದೆ ನಿಂತದ್ದು), ಲೋ ಮೆಮೊರಿ, ಬಳಕೆದಾರರೇ ಮುಚ್ಚಿದ್ದು, ಹೀಗೆ ಕಾರಣ ಸಮಯದ ಸಮೇತ ಬರುತ್ತದೆ. ಕೆಲವು ಫೋನುಗಳಲ್ಲಿ ಲೋ ಮೆಮೊರಿ ಎಂದು ನೇರವಾಗಿ ಹೇಳದೆ ಸಿಗ್ನಲ್ 9 (ಬಲವಂತವಾಗಿ ಕೊಂದದ್ದು) ಎಂದಷ್ಟೇ ತೋರಿಸುತ್ತದೆ. ಇದೇ ಮಾಹಿತಿಯನ್ನು ಅಪ್ಲಿಕೇಶನ್‌ಎಕ್ಸಿಟ್‌ಇನ್ಫೋ ಎಂಬ ಕ್ಲಾಸಿನಿಂದ ನಿಮ್ಮ ಆ್ಯಪ್ ತಾನೇ ಓದಿಕೊಳ್ಳಬಹುದು. ಪ್ರತಿ ಸಲ ತೆರೆದಾಗ 'ಹಿಂದಿನ ಸಲ ಯಾಕೆ ಸತ್ತೆ' ಎಂದು ಕೇಳಿ ನಿಮ್ಮ ಲಾಗ್‌ಗೆ ಬರೆದುಕೊಳ್ಳಲಿ. ಇಷ್ಟು ಉಪಯೋಗದ ವಿಷಯ ಎಷ್ಟೋ ಜನ ಡೆವಲಪರ್‌ಗಳಿಗೇ ಗೊತ್ತಿಲ್ಲ.

ಇದಕ್ಕೆ ಪರಿಹಾರ ಹುಡುಕುವಾಗ, ತುಂಬಿದ್ದನ್ನು ವ್ಯೂಮಾಡೆಲ್‌ನಲ್ಲಿ (ಪರದೆಯ ಮಾಹಿತಿಯನ್ನು ಮೆಮೊರಿಯಲ್ಲಿ ಹಿಡಿದಿಡುವ ಭಾಗ) ಇಟ್ಟರೆ ಸಾಕು ಎಂದು ನಿಮಗೆ ಯಾರಾದರೂ ಹೇಳುತ್ತಾರೆ. ಸಾಕಾಗುವುದಿಲ್ಲ. ಫೋನ್ ಅಡ್ಡ ತಿರುಗಿಸಿದಾಗ ವ್ಯೂಮಾಡೆಲ್ ಉಳಿಯುತ್ತದೆ, ಪ್ರೋಸೆಸ್ ಸತ್ತಾಗ ಅದೂ ಸಾಯುತ್ತದೆ. ಡೇರಿಯವರು ಟೈಪ್ ಮಾಡುತ್ತಿದ್ದ ಹಾಗೇ ಕರಡು ಎಂದು ಡೇಟಾಬೇಸ್‌ನಲ್ಲಿ ಉಳಿಸುತ್ತಾ ಹೋಗಿ. ಪರೀಕ್ಷೆಗೆ ಹೋಮ್ ಬಟನ್ ಒತ್ತಿ, 'ಎಡಿಬಿ ಶೆಲ್ ಎಎಂ ಕಿಲ್' ಮತ್ತು ಪ್ಯಾಕೇಜ್ ಹೆಸರು ಕೊಡಿ, ಆಮೇಲೆ ರೀಸೆಂಟ್ಸ್‌ನಿಂದ ವಾಪಸ್ ಬನ್ನಿ. ಡೇರಿಯಲ್ಲಿ ಆದದ್ದೇ ನಿಮ್ಮ ಮೇಜಿನ ಮೇಲೂ ಆಗುತ್ತದೆ.

ಲಾಗ್ ಹಿಡಿಯುವ ಬಗ್ಗೆ ಒಂದೆರಡು ಮಾತು. ಫೋನಿನ ಲಾಗ್ ಅಂಗಡಿಯ ಸ್ಲೇಟಿನ ಹಾಗೆ. ತುಂಬಿದರೆ ಹಳೆಯದನ್ನು ಒರೆಸಿ ಹೊಸದು ಬರೆಯುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಪೂರ್ತಿ ಹೋಗುತ್ತದೆ. ಡೇರಿಯವರು ಬೆಳಿಗ್ಗೆ ಆದದ್ದನ್ನು ಸಂಜೆ ಹೇಳಿದರೆ ಆ ಸಾಲುಗಳು ಅಷ್ಟೊತ್ತಿಗೆ ಹೋಗಿರುತ್ತವೆ. ಡೆವಲಪರ್ ಆಪ್ಶನ್ಸ್‌ನಲ್ಲಿ ಲಾಗರ್ ಬಫರ್ ಸೈಜ್ ಎಂದಿದೆ, ಬಫರ್ ಅಂದರೆ ಆ ಸ್ಲೇಟು. ಅದನ್ನು 4 ಎಂಬಿ ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿಡಿ. ಡೆವಲಪರ್ ಆಪ್ಶನ್ಸ್ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಬೇಕು.

ಕ್ರ್ಯಾಶ್ ಸಾಲುಗಳು ಬೇರೆಯೇ ಒಂದು ಬಫರ್‌ಗೆ ಹೋಗುತ್ತವೆ. ಅಲ್ಲಿ ಬರೆಯುವವರು ಕಡಿಮೆ, ಹಾಗಾಗಿ ಹಳೆಯದೂ ಉಳಿದಿರುತ್ತದೆ. 'ಎಡಿಬಿ ಲಾಗ್‌ಕ್ಯಾಟ್ -ಬಿ ಕ್ರ್ಯಾಶ್' ಕೊಟ್ಟರೆ ಬರೀ ಅವೇ ಬರುತ್ತವೆ. ಹನ್ನೊಂದು ಸಾವಿರದ ಬದಲು ಬಹುಶಃ ಮೂವತ್ತು ಸಾಲು. ಇದಕ್ಕಿಂತ ಗಟ್ಟಿಯಾದದ್ದು ಸಿಸ್ಟಮ್‌ನ ಡ್ರಾಪ್‌ಬಾಕ್ಸ್. ಮೋಡದಲ್ಲಿ ಫೈಲ್ ಇಡುವ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ ಒಂದು. ಆ್ಯಪ್‌ಗಳ ಕ್ರ್ಯಾಶ್ ಚೀಟಿಗಳನ್ನು ಆಂಡ್ರಾಯ್ಡ್ ಇದರಲ್ಲಿ ಸಾಮಾನ್ಯವಾಗಿ ಮೂರು ದಿನ ಇಟ್ಟುಕೊಳ್ಳುತ್ತದೆ, ಫೋನ್ ರೀಸ್ಟಾರ್ಟ್ ಆದರೂ ಹೋಗುವುದಿಲ್ಲ. 'ಎಡಿಬಿ ಶೆಲ್ ಡಂಪ್‌ಸಿಸ್ ಡ್ರಾಪ್‌ಬಾಕ್ಸ್ --ಪ್ರಿಂಟ್ ಡೇಟಾ_ಆ್ಯಪ್_ಕ್ರ್ಯಾಶ್' ಎಂದು ಕೊಡಿ. ಬೆಳಗಿನ ಕ್ರ್ಯಾಶ್‌ಗೆ ಸಂಜೆ ಹೋದಾಗ ನನ್ನನ್ನು ಎಷ್ಟೋ ಸಲ ಕಾಪಾಡಿದ್ದು ಇದು.

ಪ್ರತಿ ಸಲ ನಿಪ್ಪಾಣಿಗೆ ಹೋಗುವ ಅಗತ್ಯವಿಲ್ಲ. ಡೆವಲಪರ್ ಆಪ್ಶನ್ಸ್‌ನಲ್ಲೇ ಬಗ್ ರಿಪೋರ್ಟ್ ಎಂದಿದೆ. ಒತ್ತಿದರೆ ಕೆಲವು ನಿಮಿಷದಲ್ಲಿ ಒಂದು ಜಿಪ್ ಫೈಲ್ ತಯಾರಾಗುತ್ತದೆ, ಅವರು ಅದನ್ನು ಮೇಲ್ ಮಾಡಬಹುದು. ಆದರೆ ಅದರಲ್ಲಿ ನಿಮ್ಮ ಆ್ಯಪ್‌ನದಷ್ಟೇ ಇರುವುದಿಲ್ಲ, ಇಡೀ ಫೋನಿನ ಚಟುವಟಿಕೆ ಇರುತ್ತದೆ. ಈ ಮಾತನ್ನು ಅವರಿಗೆ ಮೊದಲೇ ಹೇಳಿ, ಒಪ್ಪಿದರೆ ಮಾತ್ರ ತರಿಸಿ, ಕೆಲಸ ಮುಗಿದ ಮೇಲೆ ಅಳಿಸಿ. ಇನ್ನೊಂದು ಕಿರಿಕಿರಿ ಇದೆ. ಡೆವಲಪರ್ ಆಪ್ಶನ್ಸ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಮರೆತು ಹಾಗೇ ಬಿಟ್ಟು ಬಂದರೆ ಮಾರನೇ ದಿನ ಡೇರಿಯವರು ದುಡ್ಡು ಕಳಿಸಲಾಗದೆ ಒದ್ದಾಡುತ್ತಾರೆ. ಬರುವಾಗ ಆಫ್ ಮಾಡಿ ಬನ್ನಿ.

ಇಷ್ಟೆಲ್ಲ ತಾಪತ್ರಯ ಇರುವುದರಿಂದಲೇ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೌದು. ಆ್ಯಪ್‌ನೊಳಗೇ ಲಾಗ್ ಇಡಿ. ಡೇರಿಯವರು 'ಲಾಗ್ ಕಳಿಸಿ' ಎಂಬ ಒಂದು ಬಟನ್ ಒತ್ತಿದರೆ ನಿಮ್ಮ ವಾಟ್ಸ್‌ಆ್ಯಪ್‌ಗೆ ಬರಬೇಕು. ಕೇಬಲ್ ಬೇಡ, ಲ್ಯಾಪ್‌ಟಾಪ್ ಬೇಡ.

ಆ್ಯಪ್‌ನ ಸ್ವಂತ ಖಾಸಗಿ ಫೋಲ್ಡರಿನಲ್ಲಿ ಎರಡು ಫೈಲ್ ಸಾಕು, ತಲಾ ಅರ್ಧ ಎಂಬಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಬರೆಯಿರಿ, ಅದೂ ತುಂಬಿದರೆ ಮೊದಲನೆಯದನ್ನು ಖಾಲಿ ಮಾಡಿ. ಆ್ಯಪ್ ಶುರುವಾದಾಗ ಆವೃತ್ತಿ, ಆಂಡ್ರಾಯ್ಡ್ ಆವೃತ್ತಿ, ಫೋನಿನ ಮಾಡೆಲ್, ಭಾಷೆ, ಉಳಿದಿರುವ ಜಾಗ, ಹಿಂದಿನ ಸಲ ಸತ್ತ ಕಾರಣ ಬರೆಯಿರಿ. ಒಂದು ಫೋನಿಗೂ ಇನ್ನೊಂದಕ್ಕೂ ವ್ಯತ್ಯಾಸವಾಗುವುದು ಇವೇ. ಭಾಷೆ ಎಂಬ ಒಂದು ಪದ ನಿಮ್ಮ ಲಾಗ್‌ನಲ್ಲಿ ಮೊದಲೇ ಇದ್ದಿದ್ದರೆ ನಿಪ್ಪಾಣಿಯ ಗುಟ್ಟು ಆವತ್ತೇ ಗೊತ್ತಾಗುತ್ತಿತ್ತು.

ಆಮೇಲೆ ಪ್ರತಿ ಮುಖ್ಯ ಕೆಲಸದ ಎರಡೂ ತುದಿಯಲ್ಲಿ ಒಂದೊಂದು ಸಾಲು ಬರೆಯಿರಿ. ಏನು ಬಂತು, ಏನು ಹೋಯಿತು. ನಡುವೆ ಪ್ರತಿ ಹೆಜ್ಜೆಗೂ ಬರೆಯುತ್ತಾ ಹೋದರೆ ನಿಮ್ಮ ಲಾಗೇ ನಿಮಗೆ ಹನ್ನೊಂದು ಸಾವಿರ ಸಾಲಾಗುತ್ತದೆ. ಪಠ್ಯವನ್ನು ಬರೆಯುವಾಗ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ, ಕೊನೆಯಲ್ಲಿ ಸುಮ್ನೆ ಬಿದ್ದಿರುವ ಸ್ಪೇಸ್ ಕೂಡ ಆಗ ಕಾಣುತ್ತದೆ.

ತಪ್ಪು ಹಿಡಿದ ಕಡೆ ಅದರ ಸಂದೇಶವನ್ನಷ್ಟೇ ಬರೆಯಬೇಡಿ, ಎಕ್ಸೆಪ್ಶನ್ ಪೂರ್ತಿ ಕೊಡಿ. ಏನೂ ಬರೆಯದ ಖಾಲಿ ಕ್ಯಾಚ್ ನಿಮ್ಮ ಕೋಡಿನಲ್ಲಿ ಎಲ್ಲಾದರೂ ಇದ್ದರೆ ಇವತ್ತೇ ತೆಗೆಯಿರಿ. ತಪ್ಪನ್ನು ಹೂತುಹಾಕಿದ ಕೋಡಿಗಿಂತ ಬಿದ್ದುಹೋಗುವ ಕೋಡ್ ಎಷ್ಟೋ ಮೇಲು, ಅದು ಕನಿಷ್ಠ ಬಿದ್ದ ಜಾಗವನ್ನು ಹೇಳುತ್ತದೆ. ಇಲ್ಲೊಂದು ಬಲೆ ಇದೆ. ನೆಟ್ ಇಲ್ಲದಾಗ ಬರುವ ಅನ್‌ನೋನ್‌ಹೋಸ್ಟ್‌ಎಕ್ಸೆಪ್ಶನ್‌ಗೆ ಆಂಡ್ರಾಯ್ಡ್‌ನ ಲಾಗ್ ಕ್ಲಾಸ್ ಸ್ಟ್ಯಾಕ್ ಟ್ರೇಸ್ ಬರೆಯುವುದೇ ಇಲ್ಲ. ಟ್ರೇಸ್ ಇರಬೇಕಾದ ಜಾಗ ಖಾಲಿ ಇರುತ್ತದೆ. ನೆಟ್ ಇಲ್ಲದ ಫೋನಿನಲ್ಲಿ ಲಾಗ್ ತುಂಬಿಹೋಗಬಾರದು ಎಂದು ಬೇಕಂತಲೇ ಹಾಗೆ ಮಾಡಿದ್ದಾರೆ. ಹಳ್ಳಿಯ ಡೇರಿಯಲ್ಲಿ ನೆಟ್ ಹೋಗುವುದೇ ಜಾಸ್ತಿ. ಹಾಗಾಗಿ ಇದನ್ನು ಪ್ರತ್ಯೇಕವಾಗಿ ಹಿಡಿದು 'ನೆಟ್ ಇಲ್ಲ' ಎಂದು ನೀವೇ ಬರೆಯಿರಿ.

ಆ್ಯಪ್ ಬೀಳುವ ಕ್ಷಣದಲ್ಲಿ ಕೊನೆಯ ಸಾಲು ಫೈಲಿಗೆ ಹೋಗಬೇಕಾದರೆ, ಕೋಡಿನಲ್ಲಿ ಎಲ್ಲೂ ಹಿಡಿಯದ ತಪ್ಪನ್ನು ಕೊನೆಯಲ್ಲಿ ಹಿಡಿಯುವ ಅನ್‌ಕಾಟ್ ಎಕ್ಸೆಪ್ಶನ್ ಹ್ಯಾಂಡ್ಲರ್ ಹಾಕಬೇಕು. ಬರೆದು ಮುಗಿಸಿದ ಮೇಲೆ ಮೊದಲೇ ಇದ್ದ ಹ್ಯಾಂಡ್ಲರ್‌ಗೆ ದಾಟಿಸುವುದನ್ನು ಮರೆಯಬೇಡಿ. ಮರೆತರೆ ಸಿಸ್ಟಮ್‌ಗೆ ಕ್ರ್ಯಾಶ್ ಆದದ್ದೇ ತಿಳಿಯುವುದಿಲ್ಲ. ಮೇಲೆ ಹೇಳಿದ ಡ್ರಾಪ್‌ಬಾಕ್ಸ್‌ನಲ್ಲಿ ಚೀಟಿ ಇರುವುದಿಲ್ಲ, ಪರದೆಯೂ ಹೆಪ್ಪುಗಟ್ಟಿದಂತೆ ನಿಂತುಬಿಡಬಹುದು.

ಏನು ಬರೆಯಬಾರದು ಎಂಬುದು ಇದೆಲ್ಲಕ್ಕಿಂತ ದೊಡ್ಡದು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಗ್ರಾಹಕರ ಫೋನ್ ನಂಬರ್, ಒಟಿಪಿ ಎಲ್ಲವೂ ಲಾಗ್‌ನಲ್ಲಿ ಹಾಗೇ ಬೀಳುತ್ತಿದ್ದವು. ಒಂದು ದಿನ ತೊಂದರೆ ಹುಡುಕಲೆಂದು ಆ ಫೈಲನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಗುಂಪಿನಲ್ಲಿ ಹೊರಗಿನವರೂ ಇದ್ದರು. ನಾನು ಆ ಫೈಲ್ ತೆರೆದಾಗ ಮೊದಲ ಪುಟದಲ್ಲೇ ಒಬ್ಬರ ಹೆಸರು, ನಂಬರ್, ವಿಳಾಸ ಇತ್ತು. ಅವರಿಗೆ ಇದು ಗೊತ್ತೂ ಇಲ್ಲ. ಆ ದಿನ ನನಗಾದ ಕಸಿವಿಸಿ ಇನ್ನೂ ಮರೆತಿಲ್ಲ. ನಿಮ್ಮ ಆ್ಯಪ್‌ನಲ್ಲಿ ರೈತರ ಹೆಸರು, ಮೊಬೈಲ್, ಬ್ಯಾಂಕ್ ಖಾತೆ ಇವೆ. ಒಂದನ್ನೂ ಲಾಗ್‌ಗೆ ಬರೆಯಬೇಡಿ. ಡೇರಿಯ ಒಳಗಿನ ರೈತರ ಸಂಖ್ಯೆ ಸಾಕು, ಅದು ಹೊರಗಿನವರಿಗೆ ಏನನ್ನೂ ಹೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಕಾಯ್ದೆ ಇಲ್ಲದಿದ್ದರೂ ನಂಬಿ ಕೊಟ್ಟವರ ವಿಷಯ ಅದು.

ನಿಮ್ಮ ಟ್ರೇಸ್‌ನಲ್ಲಿ ಫೈಲಿನ ಹೆಸರು ನೇರವಾಗಿ ಕಂಡಿತು, ಏಕೆಂದರೆ ಬಿಲ್ಡ್ ಮಾಡುವಾಗ ಕೋಡನ್ನು ಚಿಕ್ಕದು ಮಾಡುವ ಆರ್8 ಎಂಬುದನ್ನು ನೀವು ಇನ್ನೂ ಆನ್ ಮಾಡಿಲ್ಲ. ಮುಂದೆ ಮಾಡಿದರೆ ಹೆಸರುಗಳೆಲ್ಲ ಎ, ಬಿ, ಸಿ ಎಂದಾಗುತ್ತವೆ. ಆಗ ಪ್ರತಿ ಬಿಲ್ಡ್ ಜೊತೆ ಬರುವ ಮ್ಯಾಪಿಂಗ್ ಫೈಲನ್ನು ಆವೃತ್ತಿ ನಂಬರ್ ಬರೆದು ಎತ್ತಿಡಿ. ಅದಿಲ್ಲದೆ ಆ ಟ್ರೇಸ್ ಓದಲಾಗದು, ಮತ್ತೊಮ್ಮೆ ಬಿಲ್ಡ್ ಮಾಡಿದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಪ್ಲೇ ಸ್ಟೋರ್‌ಗೆ ಹಾಕಿದರೆ ಆಂಡ್ರಾಯ್ಡ್ ವೈಟಲ್ಸ್ ಎಂಬಲ್ಲಿ ಕ್ರ್ಯಾಶ್‌ಗಳು ತಾವಾಗಿಯೇ ಗುಂಪಾಗಿ ಕಾಣುತ್ತವೆ. ಯಾರಾದರೂ ಐಫೋನ್‌ಗೂ ಕೇಳಿದರೆ, ಅಲ್ಲಿ ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಒಳಗೆ ಅನಲಿಟಿಕ್ಸ್ ಡೇಟಾ ಎಂಬ ಪಟ್ಟಿ ಇದೆ. ನಿಮ್ಮ ಎರಡನೇ ಡೇರಿಯಂಥ ತೊಂದರೆ ಅಲ್ಲಿ ಜೆಟ್‌ಸ್ಯಾಮ್ ಎಂಬ ಹೆಸರಿನಲ್ಲಿ ಕಾಣುತ್ತದೆ.

ಡೇರಿಯವರು ಫೋನ್ ಮಾಡಿದಾಗ ಎಷ್ಟು ಗಂಟೆಗೆ ಆಯಿತು, ಅದಕ್ಕೆ ಸ್ವಲ್ಪ ಮುಂಚೆ ಏನು ಒತ್ತಿದ್ದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸಮಯ ಗೊತ್ತಿದ್ದರೆ ಹನ್ನೊಂದು ಸಾವಿರ ಸಾಲಿನಲ್ಲಿ ನೇರ ಆ ನಿಮಿಷಕ್ಕೇ ಹೋಗಬಹುದು.

ಈಗ ನಿಮ್ಮ ಫೋನಿನಲ್ಲಿ ಮರಾಠಿ ಹಾಕಿ ಸೇವ್ ಒತ್ತಿ ನೋಡಿ. ಬಂದ ಕ್ರ್ಯಾಶ್ ಬಫರನ್ನೂ, ಎರಡನೇ ಡೇರಿಯ ಎಕ್ಸಿಟ್-ಇನ್ಫೋವನ್ನೂ ನನಗೆ ಕಳಿಸಿ. ಕಳಿಸುವ ಮೊದಲು ಫೈಲಿನಲ್ಲಿ ಯಾವ ರೈತರ ಹೆಸರೂ ಇಲ್ಲ ಎಂದು ಒಮ್ಮೆ ನೋಡಿಕೊಳ್ಳಿ.